ಶೀಟ್ ಬದಲಿಸಿದ ದಿನ ಅವ್ವನ ಡಿಶ್

"ಇದನ್ನೇನು ಮಾಡೋದು?"

ಶೀಟ್ ಕೆಲಸದವನು ಛಾವಣಿ ಮೇಲಿಂದ ಕೊಂಕಣಿಯಲ್ಲಿ ಕೂಗಿ ಕೇಳಿದ. ಒಂದು ಕೈಯಲ್ಲಿ ಪಾನಾ, ಇನ್ನೊಂದು ಕೈ ನಮ್ಮ ಟೀವಿ ಡಿಶ್ ಮೇಲೆ. ನಾನು ಅಂಗಳದಲ್ಲಿ ಸ್ಕ್ರೂ ಡಬ್ಬ ಎಣಿಸುತ್ತಿದ್ದೆ. ಎರಡು ವಾರದಿಂದ ಮನೆಯಲ್ಲಿ ಇದೇ ಲೆಕ್ಕ. ಎಷ್ಟು ಶೀಟ್, ಎಷ್ಟು ಪೈಪ್, ಮಳೆಗೆ ಮುಂಚೆ ಮುಗಿಯುತ್ತದೋ ಇಲ್ಲವೋ. ಡಿಶ್ ಮಾತ್ರ ಯಾರ ನೆನಪಿಗೂ ಬಂದಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೊರಗೆ ಬಂದಳು. "ಅದನ್ನ ಎಳೀಬ್ಯಾಡಪ್ಪಾ, ನಿಲ್ಲು" ಅಂದಳು. ಅವನಿಗೆ ಕನ್ನಡ ಬರುವುದಿಲ್ಲ. ಆದರೂ ಕೈ ತೆಗೆದ.

ನಮ್ಮ ಮನೆ ಗೋವಾದ ವಾಸ್ಕೋದಲ್ಲಿ, ಮಾಂಗೋರ್ ಹಿಲ್ ಮೇಲಿದೆ. ಅಪ್ಪ ಹಾರ್ಬರ್ ಕೆಲಸಕ್ಕೆ ಅಂತ ಬಂದವರು, ಇಲ್ಲೇ ಉಳಿದರು. ಅವ್ವನ ತವರು ಬನವಾಸಿ ಹತ್ತಿರದ ಒಂದು ಹಳ್ಳಿ. ಅಪ್ಪ ತೀರಿಕೊಂಡ ಮೇಲೆ ಅವಳು ಊರಿಗೆ ಹೋಗುವುದು ಕಡಿಮೆಯಾಯಿತು. ಮಂಡಿ ನೋವು, ಬಸ್ಸು ಆಗುವುದಿಲ್ಲ. ಮನೆಯ ಮಕ್ಕಳು ಕೊಂಕಣಿ, ಹಿಂದಿ, ಇಂಗ್ಲಿಷ್ ಮೂರನ್ನೂ ಬೆರೆಸಿ ಮಾತಾಡುತ್ತವೆ. ಹಾಗಾಗಿ ಸಂಜೆ ಚಂದನ ವಾಹಿನಿ ಅವಳಿಗೆ ಬೇಕೇ ಬೇಕು. ವಾರ್ತೆ ಕೇಳುತ್ತಾಳೆ, ಕೃಷಿ ಕಾರ್ಯಕ್ರಮ ಬಂದರೆ ಮುಂದೆ ಸರಿದು ಕೂರುತ್ತಾಳೆ. ಅಡಿಕೆಗೆ ಕೊಳೆರೋಗ ಅಂದರೆ ತನ್ನ ಗದ್ದೆ-ತೋಟಕ್ಕೇ ಬಂತೇನೋ ಅನ್ನುವ ಹಾಗೆ ಚಿಂತೆ ಮಾಡುತ್ತಾಳೆ.

ನಮ್ಮದು ದೂರದರ್ಶನದ ಫ್ರೀ ಡಿಶ್. 2004ರ ಡಿಸೆಂಬರ್‌ನಲ್ಲಿ ಶುರುವಾದ ಸೇವೆ, ತಿಂಗಳ ದುಡ್ಡು ಕಟ್ಟುವ ಗೋಜಿಲ್ಲ. ಒಮ್ಮೆ ಡಿಶ್, ಬಾಕ್ಸ್ ತಂದು ಹಾಕಿದರೆ ಆಯಿತು. ನಮ್ಮ ಓಣಿಯಲ್ಲಿ ಹುಬ್ಬಳ್ಳಿ, ಗದಗ, ವಿಜಾಪುರ ಕಡೆಯ ಎಷ್ಟೋ ಮನೆಗಳ ಮೇಲೆ ಇದೇ ತಟ್ಟೆ. ಎಲ್ಲವೂ ಒಂದೇ ದಿಕ್ಕಿಗೆ ತಿರುಗಿವೆ.

ಒಂದು ಮಾತು ಹೇಳಬೇಕು. ನಮ್ಮ ಮನೆ ಸೋರಲು ಮೂಲ ಕಾರಣವೇ ಆ ಡಿಶ್. ಹಾಕುವಾಗ ಬಂದವನು ಸಿಮೆಂಟ್ ಶೀಟಿಗೇ ತೂತು ಕೊರೆದು, ಕೆಳಗಿನ ಮರದ ರೀಪಿಗೆ ಬೋಲ್ಟ್ ಹಾಕಿ ಕಂಬ ನಿಲ್ಲಿಸಿದ್ದ. ಗಾಳಿಗೆ ಡಿಶ್ ಒಂದೇ ಸಮನೆ ಅಲ್ಲಾಡುತ್ತದೆ. ಅಲ್ಲಾಡಿದಂತೆ ತೂತು ಅಗಲವಾಗುತ್ತದೆ. ಪ್ರತಿ ಮೇ ತಿಂಗಳು ನಾನು ಡಾಂಬರು ಮೆತ್ತುತ್ತಿದ್ದೆ, ಪ್ರತಿ ಜುಲೈ ಅಡುಗೆಮನೆ ಮೂಲೆಯಲ್ಲಿ ಪಾತ್ರೆ ಇಡುತ್ತಿದ್ದೆವು. ಈ ಸಲ ರೀಪು ಬಿಚ್ಚಿದಾಗ ನೋಡಿದೆ. ಬೋಲ್ಟ್ ಇದ್ದ ಜಾಗದಲ್ಲಿ ಮರ ಕಪ್ಪಗಾಗಿ, ಬೆರಳಿಂದ ಒತ್ತಿದರೆ ಒದ್ದೆ ಬ್ರೆಡ್ಡಿನ ಹಾಗೆ ಒಳಗೆ ಹೋಯಿತು. ಒಂದು ಗೇಣು ಆಚೆ ಅದೇ ಮರ ಗಟ್ಟಿಯಾಗಿತ್ತು.

ಅಲ್ಲೇ ನಿರ್ಧಾರ ಮಾಡಿದೆ. ಹೊಸ ಶೀಟಿಗೆ ಡಿಶ್‌ಗಾಗಿ ಒಂದೂ ತೂತು ಬೀಳಬಾರದು.

ಡಿಶ್ ಬಿಚ್ಚುವ ಮೊದಲೇ ಮೂರು ಕಡೆಯಿಂದ ಫೋಟೋ ತೆಗೆದಿದ್ದೆ. ಬಾಕ್ಸಿನ ಪ್ಲಗ್ ತೆಗೆಸಿದ್ದೆ, ಯಾಕೆಂದರೆ ಕೇಬಲ್‌ನಲ್ಲಿ ಎಲ್‌ಎನ್‌ಬಿಗೆ, ಅಂದರೆ ತಟ್ಟೆಯ ಮುಂದೆ ತೋಳಿನ ತುದಿಯಲ್ಲಿ ಕೂತು ಸಿಗ್ನಲ್ ಹಿಡಿಯುವ ಸಾಧನಕ್ಕೆ, ಕರೆಂಟ್ ಹರಿಯುತ್ತಿರುತ್ತದೆ. ಬಿಚ್ಚುವಾಗ ತುದಿ ತಾಗಿದರೆ ಬಾಕ್ಸ್ ಹಾಳಾಗಬಹುದು. ಆಮೇಲೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದಿದ್ದೆ. ಡಿಶ್ ಮೇಲೆ-ಕೆಳಗೆ ಬಾಗುವ ಕಡೆ ಒಂದು ಗೆರೆ. ಎಲ್‌ಎನ್‌ಬಿ ತನ್ನ ಹಿಡಿಕೆಯಲ್ಲಿ ಎಷ್ಟು ತಿರುಗಿ ಕೂತಿದೆ ಅನ್ನುವುದಕ್ಕೆ ಇನ್ನೊಂದು. ಕಂಬಕ್ಕೂ ಬ್ರಾಕೆಟಿಗೂ ಸೇರಿಸಿ ಮತ್ತೊಂದು.

ಮೂರನೆಯ ಗೆರೆ ಉಪಯೋಗಕ್ಕೆ ಬರಲಿಲ್ಲ. ಅದು ಗೊತ್ತಾದದ್ದು ಮರುದಿನ ಸಂಜೆಗೆ.

ಹಳೇ ಶೀಟ್ ಇಳಿಸುವ ಕೆಲಸ ನಿಧಾನವಾಗಿ ನಡೆಯಿತು. ಅವು ಆಸ್ಬೆಸ್ಟಾಸ್ ಶೀಟ್. ಒಡೆದರೆ ಏಳುವ ಧೂಳು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಪೈಪಿನಿಂದ ನೀರು ಹೊಡೆದು ಒದ್ದೆ ಮಾಡಿ, ಇಡೀ ಇಡೀ ಶೀಟನ್ನೇ ಇಬ್ಬರು ಹಿಡಿದು ಇಳಿಸಿದರು. ಮಕ್ಕಳನ್ನು ಪಕ್ಕದ ಮನೆಗೆ ಕಳಿಸಿದ್ದೆವು. ಅವ್ವ ಮಾತ್ರ ಹೋಗಲಿಲ್ಲ. ಮೂಗಿಗೆ ಸೆರಗು ಸುತ್ತಿಕೊಂಡು ಅಂಗಳದ ಆಚೆ ತುದಿಯಲ್ಲಿ ಕೂತಳು. ಪಕ್ಕದಲ್ಲಿ ಅವಳ ಡಿಶ್, ಹಳೇ ದುಪ್ಪಟಿ ಮೇಲೆ ಬೋರಲು ಹಾಕಿದ್ದು. ಯಾರಾದರೂ ಹತ್ತಿರ ಬಂದರೆ ಕೈ ಅಡ್ಡ ಹಿಡಿಯುತ್ತಿದ್ದಳು. ಅವಳು ಹಾಗೆ ಕಾದದ್ದು ಸರಿಯೇ. ತಟ್ಟೆ ಒಂದು ಕಡೆ ನೆಗ್ಗಿದರೂ ಅಲೆಗಳು ಎಲ್‌ಎನ್‌ಬಿಯ ಬಾಯಿಗೆ ಸರಿಯಾಗಿ ಬಂದು ಸೇರುವುದಿಲ್ಲ.

ಹೊಸ ಬಣ್ಣದ ಶೀಟ್ ಮರುದಿನ ಮಧ್ಯಾಹ್ನಕ್ಕೆ ಮುಗಿಯಿತು. ಈಗ ಡಿಶ್ ಎಲ್ಲಿ? ನಮ್ಮ ಗೋಡೆ ಚಿರೆಕಲ್ಲಿನದು. ಮೆತ್ತನೆಯ ಕಲ್ಲು. ಬೋಲ್ಟ್ ಹಿಡಿದಂತೆ ಕಾಣುತ್ತದೆ, ಒಂದು ಮಳೆಗಾಲದ ಗಾಳಿಗೆ ಸಡಿಲ ಆಗುತ್ತದೆ. ಗೋಡೆ ಸುತ್ತ ಕಿಟಕಿ ಮೇಲೆ ಕಾಂಕ್ರೀಟ್ ಪಟ್ಟಿ ಇದೆ, ಅದರಲ್ಲಿ ಕೊರೆಯಿರಿ ಅಂದೆ. ಶೀಟ್ ಕೆಲಸದವನಿಗೆ ಐಡಿಯಾ ಹಿಡಿಸಿತು. ಉಳಿದ ಪೈಪಿನ ತುಂಡನ್ನು ಬಗ್ಗಿಸಿ, ಬೆಸುಗೆ ಹಾಕಿ, ಗೋಡೆಯಿಂದ ಒಂದೂವರೆ ಅಡಿ ಆಚೆ ಬರುವ ಹಾಗೆ ಕಂಬ ಮಾಡಿಕೊಟ್ಟ. ಅದು ಅವನ ಕೆಲಸದ ಲೆಕ್ಕದಲ್ಲಿ ಇರಲಿಲ್ಲ. ದುಡ್ಡು ಕೇಳಲೂ ಇಲ್ಲ. ಅವ್ವ ಎರಡು ದಿನ ಕೊಟ್ಟ ಚಹಾ, ಮಂಡಕ್ಕಿ ಅವನಿಗೆ ನೆನಪಿತ್ತು ಅನಿಸುತ್ತದೆ.

ಕಂಬ ನೆಟ್ಟಗೆ ನಿಂತಿರಬೇಕು. ಇದು ಮೊದಲ ಮಾತು. ದಾರಕ್ಕೆ ಒಂದು ದಪ್ಪ ನಟ್ ಕಟ್ಟಿ ಇಳಿಬಿಟ್ಟು, ಎರಡು ಬದಿಯಿಂದ ನೋಡಿ ಸರಿ ಮಾಡಿದೆವು. ಕಂಬ ನೆಟ್ಟಗಿದ್ದರೆ ಮೇಲೆ-ಕೆಳಗಿನ ಹಳೇ ಗೆರೆ ಹಾಗೇ ಕೆಲಸಕ್ಕೆ ಬರುತ್ತದೆ. ಎಡ-ಬಲದ ಗೆರೆ ಬರುವುದಿಲ್ಲ. ಹಳೇ ಕಂಬವೇ ಇಲ್ಲವಲ್ಲ, ಅದಕ್ಕೆ ಎಳೆದ ಗೆರೆಗೆ ಅರ್ಥವೇನು? ಎಡ-ಬಲವನ್ನು ಮೊದಲಿಂದ ಹುಡುಕಬೇಕಾಯಿತು.

ಫ್ರೀ ಡಿಶ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ. 2015ರ ನವೆಂಬರ್‌ನಲ್ಲಿ ಹಾರಿಸಿದ್ದು. ಸಮಭಾಜಕದ ನೆತ್ತಿಯ ಮೇಲೆ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು 36 ಸಾವಿರ ಕಿ.ಮೀ. ಎತ್ತರದಲ್ಲಿದೆ. ಭೂಮಿ ತಿರುಗಿದಷ್ಟೇ ವೇಗದಲ್ಲಿ ಅದೂ ಸುತ್ತುವುದರಿಂದ ನಮಗೆ ಒಂದೇ ಕಡೆ ನಿಂತ ಹಾಗೆ. ವಾಸ್ಕೋದಿಂದ ನೋಡಿದರೆ ಅದು ಆಗ್ನೇಯಕ್ಕೆ, ಉತ್ತರದಿಂದ ಲೆಕ್ಕ ಹಾಕಿದರೆ 127 ಡಿಗ್ರಿ ಹತ್ತಿರ. ನಮ್ಮ ಗುಡ್ಡದಿಂದ ಹೆಚ್ಚೂಕಡಿಮೆ ದಾಬೋಳಿ ವಿಮಾನ ನಿಲ್ದಾಣದ ಕಡೆ. ಫೋನಿನ ದಿಕ್ಸೂಚಿಯನ್ನು ಕಂಬದ ಪಕ್ಕ ಹಿಡಿದರೆ ಕಬ್ಬಿಣಕ್ಕೆ ದಿಕ್ಕು ತಪ್ಪುತ್ತದೆ. ಅಂಗಳದ ಮಧ್ಯಕ್ಕೆ ಹೋಗಿ ನೋಡಿ, ದೂರದ ಒಂದು ನೀರಿನ ಟ್ಯಾಂಕನ್ನು ಗುರುತು ಇಟ್ಟುಕೊಂಡು ಬಂದೆ.

ಅಷ್ಟರಲ್ಲಿ ಪಕ್ಕದ ಮನೆಯ ಕಾಕಾ ಬಂದರು. ಹುಬ್ಬಳ್ಳಿ ಕಡೆಯವರು. "ತಮ್ಮಾ, ಮುಂದ ತೆಂಗಿನ ಗಿಡ ಐತಲ್ಲೋ, ಅದಕ್ಕ ಬಡೀತೈತಿ" ಅಂದರು. ನೋಡಿದರೆ ಹಾಗೇ ಕಾಣುತ್ತದೆ. ಆದರೆ ಈ ತಟ್ಟೆ ತನ್ನ ಮುಖಕ್ಕೆ ನೇರವಾಗಿ ನೋಡುವುದಿಲ್ಲ. ಎಲ್‌ಎನ್‌ಬಿ ಕೆಳಗಿನಿಂದ ಚಾಚಿದ ತೋಳಿನ ಮೇಲಿದೆಯಲ್ಲ, ಅಲೆ ಮೇಲಿಂದ ಓರೆಯಾಗಿ ಬಂದು ಬಡಿದು ಅಲ್ಲಿಗೆ ಇಳಿಯುತ್ತದೆ. ಇಲ್ಲಿಂದ ಉಪಗ್ರಹ 61 ಡಿಗ್ರಿ ಎತ್ತರದಲ್ಲಿದೆ, ತಟ್ಟೆ ನೋಡಿದರೆ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಬಾಗಿದಂತೆ ಕಾಣುತ್ತದೆ. ತೆಂಗಿನ ಗರಿ ಎಷ್ಟೋ ಕೆಳಗೆ ಉಳಿಯುತ್ತದೆ. ಕಾಕಾಗೆ ಕೈಯಲ್ಲಿ ತೋರಿಸಿದೆ. "ಹೌದಲ್ಲಾ!" ಅಂದು ಅವರೇ ಏಣಿ ಹಿಡಿದುಕೊಂಡು ನಿಂತರು.

ಹೆಂಡತಿ ಟೀವಿ ಮುಂದೆ. ಅವ್ವ ಬಾಗಿಲಲ್ಲಿ. ನಾನು ಏಣಿ ಮೇಲೆ.

"ಸ್ಟ್ರೆಂತ್ ಎಪ್ಪತ್ತು, ಕ್ವಾಲಿಟಿ ಸೊನ್ನೆ."

ಟೀವಿಯಲ್ಲಿ ಕಾಣುವ ಈ ಎರಡು ಸಿಗ್ನಲ್ ಪಟ್ಟಿಗಳಲ್ಲಿ ಸ್ಟ್ರೆಂತ್ ನೋಡಿ ಖುಷಿಪಡಬಾರದು. ಎಲ್‌ಎನ್‌ಬಿಗೆ ಕರೆಂಟ್ ಸಿಕ್ಕರೆ ಸಾಕು, ಆ ಪಟ್ಟಿ ಏರಿಬಿಡುತ್ತದೆ. ನೋಡಬೇಕಾದ್ದು ಕ್ವಾಲಿಟಿ. ನಮ್ಮ ತಟ್ಟೆ 60 ಸೆಂ.ಮೀ. ಅಗಲದ್ದು. ಒಂದು ಡಿಗ್ರಿ ತಿರುಗಿಸುವುದು ಅಂದರೆ ಅದರ ಅಂಚು ಬರೀ 5 ಮಿ.ಮೀ. ಸರಿಯುವುದು, ಒಂದು ಹೆಸರುಕಾಳಿನಷ್ಟು. ಅಷ್ಟರಲ್ಲೇ ಸಿಗ್ನಲ್ ಬರುತ್ತದೆ, ಹೋಗುತ್ತದೆ. ಒಂದು ಕೂದಲೆಳೆ ತಿರುಗಿಸಿ, ಕೈ ಬಿಟ್ಟು, ಐದಾರು ಸೆಕೆಂಡ್ ಕಾಯಬೇಕು. ಬಾಕ್ಸಿಗೂ ಅರ್ಥಮಾಡಿಕೊಳ್ಳಲು ಟೈಮ್ ಬೇಕು. ಗಡಿಬಿಡಿಯಲ್ಲಿ ತಿರುಗಿಸುತ್ತಾ ಹೋದರೆ ಸರಿಯಾದ ಜಾಗ ದಾಟಿ ಹೋದದ್ದೂ ಗೊತ್ತಾಗುವುದಿಲ್ಲ. ಮೊದಲ ಅರ್ಧ ಗಂಟೆ ನಾನು ಅದನ್ನೇ ಮಾಡಿದ್ದೆ.

"ಸೊನ್ನೆ." "ಸೊನ್ನೆ." "ಹದಿನೆಂಟು! ನಿಲ್ಲಿ ನಿಲ್ಲಿ!" ಅವ್ವ ಬಾಗಿಲಿಂದ, "ಹದಿನೆಂಟು ಬಂತಂತೆ, ಅಲ್ಲಾಡಿಸ್ಬ್ಯಾಡ!" ಮತ್ತೆ ಕೂದಲೆಳೆ. ನಲವತ್ತು. ಅರವತ್ತೆರಡು. ಅಲ್ಲಿಗೆ ನಟ್ ಬಿಗಿ ಮಾಡಿದೆ. ಎರಡೂ ಬದಿಯ ನಟ್ಟನ್ನು ಸ್ವಲ್ಪ ಸ್ವಲ್ಪವೇ ಬಿಗಿಸಬೇಕು, ಒಂದೇ ಕಡೆ ಪೂರ್ತಿ ಬಿಗಿದರೆ ತಟ್ಟೆ ಸರಿಯುತ್ತದೆ.

ಕೇಬಲ್ ಹೊಸದೇ ಹಾಕಿದೆ. ಹಳೆಯದರ ಸಿಪ್ಪೆ ಬಿಸಿಲಿಗೆ ಬಿರಿದು ಒಳಗಿನ ತಾಮ್ರ ಹಸಿರಾಗಿತ್ತು. ಕಿಟಕಿಯೊಳಗೆ ಹೋಗುವ ಮೊದಲು ಕೇಬಲ್ಲನ್ನು ಜೋಲಿಯ ಹಾಗೆ ಕೆಳಗೆ ಬಿಟ್ಟು, ಆಮೇಲೆ ಮೇಲಕ್ಕೆ ಒಯ್ದೆ. ಮಳೆನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಲಿ, ಮನೆಯೊಳಗೆ ಬರದಿರಲಿ ಅಂತ.

ಆ ರಾತ್ರಿ ಸುಮ್ನೆ ಫೋನಿನಲ್ಲಿ ನಕ್ಷೆ ತೆರೆದು ನಮ್ಮ ಮನೆಯಿಂದ 127 ಡಿಗ್ರಿಗೆ ಒಂದು ಗೆರೆ ಎಳೆದೆ. ಎಲ್ಲೆಲ್ಲಿ ಹೋಗುತ್ತದೆ ನೋಡೋಣ ಅನ್ನಿಸಿತು. ಗೆರೆ ದಾಬೋಳಿ ದಾಟಿತು, ಕಾರವಾರದ ಘಟ್ಟ ಹತ್ತಿತು, ಶಿರಸಿ ಹತ್ತಿರ ಹಾದು, ಸುಮಾರು 160 ಕಿ.ಮೀ. ಆಚೆ ಬನವಾಸಿಯ ಮೇಲೆ ಹೋಯಿತು. ಎರಡು ಸಲ ಎಳೆದು ನೋಡಿದೆ. ಅದೇ. ಇಷ್ಟು ವರ್ಷ ಆ ತಟ್ಟೆ ಅವ್ವನ ತವರಿನ ಕಡೆಗೇ ತಿರುಗಿ ಕೂತಿತ್ತು. ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವ್ವನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಗೆರೆ ಮೇಲೆ ಬೆರಳಾಡಿಸಿದಳು. ಬೆರಳು ತಾಗಿ ನಕ್ಷೆ ಸರಿದಾಗಲೆಲ್ಲ ನಾನು ಮತ್ತೆ ಜಾಗಕ್ಕೆ ತಂದುಕೊಟ್ಟೆ. ವರದಾ ಹೊಳೆ ಎಲ್ಲಿ ಅಂತ ಕೇಳಿದಳು. ತೋರಿಸಿದೆ.

ಜೂನ್ ಮೊದಲ ವಾರ ಮಳೆ ಹಿಡಿಯಿತು. ಸಮುದ್ರದ ಕಡೆಯಿಂದ ಗೋಡೆ ಎದ್ದು ಬಂದ ಹಾಗೆ. ನಾನು ಟಾರ್ಚ್ ಹಿಡಿದು ಅಡುಗೆಮನೆ ಮೂಲೆಗೆ ಹೋದೆ. ಹೊಸ ಶೀಟಿನ ಅಡಿಭಾಗಕ್ಕೆ ಅಂಗೈ ಇಟ್ಟು ನೋಡಿದೆ. ತಣ್ಣಗಿತ್ತು, ಒಣಗಿತ್ತು. ಹೊರಗೆ ಡಿಶ್ ಕಂಬ ಅಲ್ಲಾಡಲಿಲ್ಲ. ಟೀವಿ ಮಾತ್ರ ಚೌಕ ಚೌಕವಾಗಿ ಒಡೆದು ನಿಂತುಬಿಟ್ಟಿತು. ದಪ್ಪ ಮಳೆಹನಿಗಳು ಆ ಅಲೆಗಳನ್ನು ಹೀರಿಬಿಡುತ್ತವೆ, ಅದಕ್ಕೆ ನಮ್ಮಂಥ ಚಿಕ್ಕ ಡಿಶ್ ಏನೂ ಮಾಡಲಾರದು. ಅಂಥ ಹೊತ್ತಲ್ಲಿ ಏಣಿ ಹತ್ತಲೇಬಾರದು. ಅವ್ವನಿಗೆ ಇದು ಮೊದಲೇ ಹೇಳಿದ್ದೆ.

ಅವಳು ರಿಮೋಟ್ ಮುಟ್ಟಲಿಲ್ಲ. ಮೂಲೆಯಲ್ಲಿ ಇಡುತ್ತಿದ್ದ ಪಾತ್ರೆಯನ್ನು ತೊಳೆದು ಕಪಾಟಿಗೆ ಸೇರಿಸಿ ಬಂದು ಕೂತಳು. ಹತ್ತು ನಿಮಿಷಕ್ಕೆ ಮಳೆ ಸಣ್ಣಗಾಯಿತು, ಚಿತ್ರ ಬಂತು.