ಮಾವನ ಲೆಕ್ಕ

ಮಂಡ್ಯದ ಸುಭಾಷ್‌ನಗರದಲ್ಲಿ ಒಬ್ಬರೇ ಇದ್ದ ನನ್ನ ಸೋದರಮಾವ 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ನೋಂದಣಿ ಮಾಡಿಸಿದ್ದ ಉಯಿಲಿನಲ್ಲಿ ಅದನ್ನು ಜಾರಿ ಮಾಡುವವಳು ನಾನೇ ಎಂದು ಬರೆಸಿದ್ದರು. ನನ್ನನ್ನು ಒಂದು ಮಾತು ಕೇಳಿರಲಿಲ್ಲ ಎನ್ನುವುದು ಬೇರೆ ವಿಷಯ.

ಅವರು ಗಣಿತದ ಮೇಷ್ಟ್ರು. ಟ್ರಂಕಿನಲ್ಲಿ ಪಿಂಚಣಿ ಚೀಟಿ, ಠೇವಣಿ ರಸೀದಿ, ಕಾರ್ಖಾನೆ ಕೊಟ್ಟ ಕಬ್ಬಿನ ಬಿಲ್ಲು ಎಲ್ಲವನ್ನೂ ವರ್ಷವಾರು ಕಟ್ಟಿ ಇಟ್ಟಿದ್ದರು. ಕೃಷಿ ಆದಾಯಕ್ಕೆ ತೆರಿಗೆಯಿಲ್ಲವೆಂದು ಗೊತ್ತಿದ್ದೂ ಕಬ್ಬಿನ ಒಂದು ಚೀಟಿಯನ್ನೂ ಎಸೆದಿರಲಿಲ್ಲ. ಆದರೆ ತೆರಿಗೆ ಬೀಳುವಷ್ಟು ಆದಾಯವಿಲ್ಲ ಎಂದು ಹಿರಿಯ ನಾಗರಿಕರು ಬ್ಯಾಂಕಿಗೆ ಬರೆದುಕೊಡುತ್ತಿದ್ದ ಫಾರಂ 15ಎಚ್ ಮಾತ್ರ ಕೊಡುತ್ತಿರಲಿಲ್ಲ. ಹಾಗಾಗಿ ಠೇವಣಿ ಬಡ್ಡಿಯಲ್ಲಿ ಶೇ 10ರಷ್ಟು ಟಿಡಿಎಸ್ (ಮೊದಲೇ ಹಿಡಿದುಕೊಳ್ಳುವ ತೆರಿಗೆ) ಮುರಿಯುತ್ತಿದ್ದರು. ಕೇಳಿದರೆ, "ಮುರಿದುಕೊಳ್ಳಲಿ ಬಿಡು, ಸರ್ಕಾರ ಬಡ್ಡಿ ಸಮೇತ ಕೊಡುತ್ತದೆ" ಎನ್ನುತ್ತಿದ್ದರು. ಮಾತು ಸುಳ್ಳಲ್ಲ. ತಿಂಗಳಿಗೆ ಶೇ 0.5 ಕೊಡುತ್ತಾರೆ.

ಏಪ್ರಿಲ್ 1ರಿಂದ ತೀರಿಕೊಂಡ ದಿನದವರೆಗಿನ ಪಿಂಚಣಿ, ಬಡ್ಡಿ ಕೂಡಿಸಿದರೂ ಮೊತ್ತ ಹೊಸ ತೆರಿಗೆ ಪದ್ಧತಿಯಲ್ಲಿ ಆ ವರ್ಷಕ್ಕಿದ್ದ 7 ಲಕ್ಷದ ರಿಯಾಯಿತಿ ಮಿತಿಯ ಕೆಳಗೇ ನಿಂತಿತು, ಅಂದರೆ ತೆರಿಗೆಯೇ ಇಲ್ಲ. ಮುರಿದದ್ದೆಲ್ಲ ವಾಪಸ್ ಬರಬೇಕು. ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ನನ್ನ ಲಾಗಿನ್‌ನಿಂದಲೇ ಮೃತರ ಪ್ರತಿನಿಧಿಯಾಗಿ ನೋಂದಾಯಿಸಿಕೊಂಡು ಮರಣ ಪ್ರಮಾಣಪತ್ರ, ಇಬ್ಬರ ಪ್ಯಾನ್, ಉಯಿಲಿನ ಪ್ರತಿ ಏರಿಸಿದೆ. ಉಯಿಲು ಇಲ್ಲದವರು ವಾರಸುದಾರರ ಪ್ರಮಾಣಪತ್ರ ಕೊಡಬಹುದು. ಒಪ್ಪಿಗೆ ಬಂದ ಮೇಲೆ ಅವರ ಹೆಸರಿನ ರಿಟರ್ನ್ ನಾನು ಸಲ್ಲಿಸಬಹುದಾಯಿತು. ಇದು ನಾನು ಹೆದರಿದ್ದಷ್ಟು ಕಷ್ಟವಿರಲಿಲ್ಲ.

ತಲೆನೋವು ತಂದದ್ದು ಜನವರಿಯಿಂದ ಮಾರ್ಚ್‌ವರೆಗಿನ ಬಡ್ಡಿ. ಯಾರಿಗೆ ಎಷ್ಟು ಆದಾಯ ಬಂತೆಂದು ತೆರಿಗೆ ಇಲಾಖೆ ತೋರಿಸುವ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಅದೂ ಮಾವನ ಪ್ಯಾನ್‌ನಲ್ಲೇ ಕುಳಿತಿತ್ತು. ತೀರಿಕೊಂಡವರು ಆದಾಯ ಗಳಿಸುವುದಿಲ್ಲ. ಆ ಬಡ್ಡಿ ಅವರು ಬಿಟ್ಟುಹೋದ ಆಸ್ತಿಯದು. ಹಂಚಿಕೆಯಾಗುವವರೆಗೆ ಅದರ ಲೆಕ್ಕ ಉಯಿಲು ಜಾರಿ ಮಾಡುವವರ ಹೊಣೆ, ಅದೂ ನನ್ನ ಸಂಬಳದ ರಿಟರ್ನ್‌ನಲ್ಲಿ ಬೆರೆಸದೆ ಬೇರೆಯಾಗಿ. "ಸಿಸ್ಟಂನಲ್ಲಿ ಹಾಗೇ ಬರುತ್ತದೆ ಮೇಡಂ" ಎಂದ ಬ್ಯಾಂಕಿನ ಹುಡುಗನಿಗೆ ಇದನ್ನು ವಿವರಿಸುವಷ್ಟರಲ್ಲಿ ಮಾವನ ತರಗತಿಯ ಕೊನೆಯ ಬೆಂಚಿನವರ ಮೇಲೆ ನನಗೆ ಮರುಕ ಹುಟ್ಟಿತು.

ಈ ನಡುವೆ ಚಿಕ್ಕಮ್ಮನ ಒತ್ತಾಯ ಬೇರೆ: "ಆ ಪುಡಿಗಾಸಿಗೆ ಯಾಕಮ್ಮ ಒದ್ದಾಡುತ್ತೀಯ? ಖಾತೆಗಳನ್ನೆಲ್ಲ ಮುಚ್ಚಿ, ಪ್ಯಾನ್ ವಾಪಸ್ ಕೊಟ್ಟು ಕೈತೊಳೆದುಕೊ." ಇದೊಂದಕ್ಕೆ ನಾನು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ರೀಫಂಡ್‌ಗೆಂದು ಪೋರ್ಟಲ್‌ನಲ್ಲಿ ದೃಢೀಕರಿಸಿದ ಖಾತೆ ಮುಚ್ಚಿಹೋದರೆ ಹಣ ಬಂದ ದಾರಿಯಲ್ಲೇ ಹಿಂದಿರುಗುತ್ತದೆ, ಆಮೇಲೆ ಮರುಪಾವತಿಗೆ ಮತ್ತೆ ಅರ್ಜಿ ಹಾಕಬೇಕು. ನಮ್ಮ ಪುಣ್ಯಕ್ಕೆ ಅದು ಅಮ್ಮನ ಜೊತೆ ಜಂಟಿಯಾಗಿದ್ದ ಖಾತೆ, ಹಣ ಅಲ್ಲಿಗೇ ಬಂತು.

ರೀಫಂಡ್ ಕೂಡ ಉಯಿಲಿನ ಆಸ್ತಿಯೇ, ನನ್ನ ಕೂಲಿಯಲ್ಲ. ಪಾಲುದಾರರ ಪಟ್ಟಿಯಲ್ಲಿ ಚಿಕ್ಕಮ್ಮನೂ ಇದ್ದಾರೆ. ಹಣ ಬಂತೆಂದು ತಿಳಿದ ಸಂಜೆಯೇ ಫೋನ್ ಮಾಡಿ, ಬಡ್ಡಿಯನ್ನು ಯಾವ ತಿಂಗಳಿಂದ ಲೆಕ್ಕ ಹಾಕಿದ್ದಾರೆ ಎಂದು ವಿಚಾರಿಸಿದರು. ಏಪ್ರಿಲ್‌ನಿಂದ ಎಂದೆ. ಆ ಬಡ್ಡಿಗೂ ತೆರಿಗೆಯ ಲೆಕ್ಕವಿದೆ ಎಂದು ಹೇಳುವಷ್ಟರಲ್ಲಿ ಅವರಿಗೆ ಒಲೆಯ ಮೇಲಿನ ಹಾಲು ನೆನಪಾಯಿತು.