ಒಂಬತ್ತು ಸಿಲಿಂಡರ್ ಇದ್ದ ಮಾತ್ರಕ್ಕೆ ಇಯರ್‌ಹಾರ್ಟ್ ವಿಮಾನವಲ್ಲ

ಪೆಸಿಫಿಕ್ ತಳದಲ್ಲಿ ಹಳೇ ಎಂಜಿನ್ ಒಂದು ಕಂಡರೆ ಸಾಕು, ಅಮೆರಿಕದ ವಿಮಾನ ಚಾಲಕಿ ಅಮೀಲಿಯಾ ಇಯರ್‌ಹಾರ್ಟ್ ಹೆಸರು ಸುದ್ದಿಯಾಗುತ್ತದೆ. 1937ರ ಜುಲೈ 2ರಂದು ನ್ಯೂಗಿನಿಯ ಲೇ ಪಟ್ಟಣದಿಂದ ಹೊರಟು ಕಣ್ಮರೆಯಾದ ಅವರ ಎಲೆಕ್ಟ್ರಾ 10ಇ ವಿಮಾನಕ್ಕಿದ್ದದ್ದು ಪ್ರ್ಯಾಟ್ ಅಂಡ್ ವಿಟ್ನಿಯ ಎರಡು ಆರ್-1340 ಎಂಜಿನ್. ನಡುವಿನ ಶಾಫ್ಟಿನ ಸುತ್ತ ಚಕ್ರದ ಕಡ್ಡಿಗಳಂತೆ ಒಂದೇ ಸಾಲು, ಒಂಬತ್ತು ಸಿಲಿಂಡರ್. ಎರಡು ಸಾಲಿನಲ್ಲಿ ಹದಿನಾಲ್ಕು ಎಣಿಸಿದಿರೋ, ಮಾತು ಅಲ್ಲಿಗೇ ಮುಗಿಯಿತು.

ಒಂಬತ್ತಿದ್ದರೆ ಕೆಲಸ ಶುರು. ಎರಡನೇ ಮಹಾಯುದ್ಧದಲ್ಲಿ ಅದೇ ಸಮುದ್ರಕ್ಕೆ ಬಿದ್ದ ಅಮೆರಿಕದ ಸೇನಾ ವಿಮಾನಗಳಾದ ಕಿಂಗ್‌ಫಿಶರ್‌ಗಳ ಆರ್-985, ಡಾಂಟ್‌ಲೆಸ್‌ಗಳ ರೈಟ್ ಆರ್-1820, ಜಪಾನಿನ ಕೊಟೊಬುಕಿ ಎಂಜಿನ್, ಎಲ್ಲವೂ ಒಂಬತ್ತು ಸಿಲಿಂಡರಿನವೇ.

ಒಂಬತ್ತು ಬೆಸ ಸಂಖ್ಯೆಯಾದ್ದರಿಂದ ಒಂದು ಸಿಲಿಂಡರಿನ ನೇರ ಎದುರಿಗೆ ಇನ್ನೊಂದಿರುವುದಿಲ್ಲ, ಎರಡರ ನಡುವಿನ ಸಂದು ಇರುತ್ತದೆ. ತುದಿಯಿಂದ ತುದಿಗೆ ಟೇಪ್ ಹಿಡಿದರೆ ವ್ಯಾಸ ಕಡಿಮೆ ಬರುತ್ತದೆ. ಶಾಫ್ಟಿನ ನಡುವಿನಿಂದ ರಾಕರ್ ಬಾಕ್ಸಿನ (ಸಿಲಿಂಡರಿನ ಹೊರತುದಿಯ ಪೆಟ್ಟಿಗೆ) ತುದಿಗೆ ಅಳೆಯಿರಿ: 985ಕ್ಕೆ ಸುಮಾರು 58 ಸೆಂ.ಮೀ., 1340ಕ್ಕೆ 66, 1820ಕ್ಕೆ 69–70. ಕೊನೆಯ ಎರಡರ ಅಂತರವನ್ನು ಹವಳ, ಸುಣ್ಣದ ಹೆಪ್ಪು ನುಂಗಿಬಿಡುತ್ತದೆ. ಕಣ್ಣಂದಾಜಂತೂ ಬೇಡವೇ ಬೇಡ. ಮಾಸ್ಕಿನ ಗಾಜಿನಾಚೆ ಎಲ್ಲವೂ ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತದೆ. ಫೋಟೋ ತೆಗೆಯುವಾಗ ಅಳತೆಪಟ್ಟಿ ಎಂಜಿನ್ನಿನಷ್ಟೇ ದೂರದಲ್ಲಿರಬೇಕು. ಕ್ಯಾಮೆರಾಗೆ ಹತ್ತಿರವಿಟ್ಟರೆ ಎಂಜಿನ್ ಇರುವುದಕ್ಕಿಂತ ಚಿಕ್ಕದೆಂದು ಲೆಕ್ಕ ಬರುತ್ತದೆ. ಹೆಪ್ಪನ್ನು ಸುತ್ತಿಗೆಯಿಂದ ಒಡೆಯಬೇಡಿ, ಕೆಳಗಿನ ಅಲ್ಯೂಮಿನಿಯಂ ಅದರ ಜೊತೆಗೇ ಎದ್ದು ಬರುತ್ತದೆ, ಅದರ ಮೇಲೊತ್ತಿದ್ದ ನಂಬರೂ ಹೋಗುತ್ತದೆ.

ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, ಅಳೆದು ತೀರ್ಪು ಕೊಡುವವರಿದ್ದಾರೆ. 1340ರ ಬೋರ್ 146 ಮಿ.ಮೀ. ಕೊಟೊಬುಕಿಯದೂ 146! ನಂಬಬೇಕಾದ್ದು ಸ್ಟ್ರೋಕನ್ನು, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಓಡುವ ದೂರವನ್ನು. ಉಪ್ಪುನೀರಿನಲ್ಲಿ ಮೆಗ್ನೀಸಿಯಂ ಮೊದಲು ಕರಗುತ್ತದೆ, ಉಕ್ಕಿಗೆ ತಾಗಿದ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ, ಉಕ್ಕಿನ ಕ್ರ್ಯಾಂಕ್‌ಶಾಫ್ಟ್ ಉಳಿಯುತ್ತದೆ. ಕೇಸ್ ತಿಂದುಹೋಗಿ ಒಳಗು ಕಂಡರೆ ಅದೃಷ್ಟ. ಶಾಫ್ಟಿನ ನಡುವಿನಿಂದ, ಪಿಸ್ಟನ್ನಿನ ರಾಡ್ ಸೇರುವ ಕ್ರ್ಯಾಂಕ್‌ಪಿನ್ನಿನ ನಡುವಿಗಿರುವ ದೂರ ಸ್ಟ್ರೋಕಿನ ಅರ್ಧ. 985ರಲ್ಲಿ ಅದು 66 ಮಿ.ಮೀ., 1340ರಲ್ಲಿ 73, ಕೊಟೊಬುಕಿಯಲ್ಲಿ 80, 1820ರಲ್ಲಿ 87. ತುಕ್ಕು ಎಷ್ಟೇ ಹಿಡಿದಿರಲಿ, ಏಳು ಮಿಲಿಮೀಟರ್ ಅಂತರ ಕಾಣದೆ ಇರದು.

73 ಬಂತೆಂದು ಕುಣಿಯಬೇಡಿ. ನ್ಯೂಗಿನಿ ಸುತ್ತಮುತ್ತ ಹಾರಾಡಿದ ಆಸ್ಟ್ರೇಲಿಯಾದ ವಿರಾವೇ ವಿಮಾನಗಳದ್ದೂ ಆರ್-1340. ಅದು ಶಾಫ್ಟಿಗೂ ಪ್ರೊಪೆಲ್ಲರಿಗೂ ನಡುವೆ ಗೇರ್ ಇದ್ದ ಮಾದರಿ, ಪ್ರೊಪೆಲ್ಲರಿಗೆ ಮೂರು ಎಲೆ. ಎಲೆಕ್ಟ್ರಾದ ಎಸ್3ಎಚ್1 ಮಾದರಿಗೆ ಗೇರಿಲ್ಲ, ಎಲೆ ಎರಡೇ. ಮೂತಿಯ ಕೇಸ್ ಕರಗಿಹೋಗಿದ್ದರೂ ಉಕ್ಕಿನ ಹಲ್ಲುಚಕ್ರಗಳಿವೆಯೇ ಎಂದು ಹುಡುಕಿ.

ಕಂಪನಿಯ ಬಿಲ್ಲೆ ತಯಾರಕರ ಹೆಸರನ್ನಷ್ಟೇ ಹೇಳುತ್ತದೆ. ವಿಮಾನ ಯಾವುದೆಂದು ಹೇಳುವುದು ಸೀರಿಯಲ್ ನಂಬರ್. (ಅಟ್ಲಾಂಟಿಕ್‌ನಿಂದ ಎತ್ತಿದ ಅಪೊಲೊ 11ರ ರಾಕೆಟ್ ಎಂಜಿನ್ ಗುರುತಾದದ್ದೂ 2013ರಲ್ಲಿ ಅದರ ಮೇಲೆ ಕಂಡ 2044 ಎಂಬ ಅಂಕಿಯಿಂದ.) ಯುದ್ಧಕಾಲದಲ್ಲಿ ಕಾಣೆಯಾದ ವಿಮಾನಗಳ ಬಗ್ಗೆ ಅಮೆರಿಕದ ವಾಯುಪಡೆ ಬರೆದಿಟ್ಟ ವರದಿಗಳಲ್ಲಿ ಎಂಜಿನ್ ನಂಬರೂ, ವಿಮಾನದಲ್ಲಿದ್ದವರ ಹೆಸರೂ ಇರುತ್ತವೆ. ಹೀಗಾಗಿ ನಂಬರಿನ ಫೋಟೋ ಓರೆ ಬೆಳಕಿನಲ್ಲಿ, ಎರಡು ಮೂರು ಕೋನದಿಂದ ತೆಗೆಯಿರಿ. ಎಂಜಿನ್ ಇದ್ದಲ್ಲೇ ಇರಲಿ.