ನಾನು ಬರೆದ ಅಮ್ಮಮ್ಮ, ಇದ್ದ ಅಮ್ಮಮ್ಮ

ಕಳೆದ ವರ್ಷ ಮಾರ್ಚ್ ತಿಂಗಳ ಒಂದು ರಾತ್ರಿ, ಊಟ ಮುಗಿಸಿ ಪಾತ್ರೆ ತೊಳೆಯುತ್ತಿದ್ದ ಹೊತ್ತಿನಲ್ಲಿ, ಸಾಗರದಿಂದ ಚಿಕ್ಕಮ್ಮ ಫೋನ್ ಮಾಡಿದಳು. ಆರೋಗ್ಯವೇ, ಮಕ್ಕಳು ಹೇಗಿದ್ದಾರೆ ಎಂಬ ಎಂದಿನ ಪೀಠಿಕೆ ಇರಲಿಲ್ಲ. "ಅಲ್ಲ ಮಾರಾಯ್ತಿ, ನೀನು ಫೇಸ್‌ಬುಕ್ಕಿನಲ್ಲಿ ಬರೆಯುತ್ತೀಯಲ್ಲ, ಆ ಅಮ್ಮಮ್ಮ ಯಾರು?" ಎಂದು ನೇರವಾಗಿ ಕೇಳಿದಳು. ತಮಾಷೆಯೆಂದು ತಿಳಿದು ನಾನು ನಕ್ಕೆ. ಆ ಕಡೆಯಿಂದ ನಗು ಬರಲಿಲ್ಲ. ಅವಳು ಮುಂದೆ ಏನು ಹೇಳಿದಳೆಂಬುದನ್ನು ಹೇಳುವ ಮೊದಲು, ಆ ಪ್ರಶ್ನೆ ಕೇಳುವ ಸ್ಥಿತಿಗೆ ನಾನು ಅವಳನ್ನು ತಂದದ್ದು ಹೇಗೆಂದು ಹೇಳಬೇಕು.

ನಾನು ಬರೆಯಲು ಆರಂಭಿಸಿದ್ದು 2008ರಲ್ಲಿ, ಬರಹ ತಂತ್ರಾಂಶದಲ್ಲಿ ಕುಟ್ಟಿ, ಬ್ಲಾಗಿನಲ್ಲಿ ಅಂಟಿಸುತ್ತಿದ್ದ ಕಾಲದಲ್ಲಿ. ಓದುವವರು ಹತ್ತು ಹದಿನೈದು ಮಂದಿ. ಅವರಲ್ಲಿ ಅರ್ಧದಷ್ಟು ಜನ ತಾವೂ ಬ್ಲಾಗು ಬರೆಯುತ್ತಿದ್ದವರು, ನಾನು ಅವರಲ್ಲಿಗೆ ಹೋದರೆ ಅವರು ನನ್ನಲ್ಲಿಗೆ ಬರುತ್ತಿದ್ದರು. ಆ ಕಾಲವನ್ನು ಸತ್ಯಯುಗವೆಂದು ಹೊಗಳುವ ಇರಾದೆ ನನಗಿಲ್ಲ. ಪುಟದ ಕೆಳಗೆ ಎಷ್ಟು ಜನ ಬಂದುಹೋದರೆಂದು ತೋರಿಸುವ ಗಣಕವೊಂದನ್ನು ನಾವೆಲ್ಲರೂ ಕೂರಿಸಿಕೊಂಡಿದ್ದೆವು, ಅದು ಮುಂದೆ ಸರಿಯಲೆಂದು ನಮ್ಮ ಪುಟವನ್ನು ನಾವೇ ನಾಲ್ಕು ಸಲ ತೆರೆದದ್ದೂ ಉಂಟು. ಆದರೆ ಆ ಸಂಖ್ಯೆ ಇಡೀ ಬ್ಲಾಗಿನದ್ದಾಗಿತ್ತು. ಯಾವ ಬರಹ ಗೆದ್ದಿತು, ಯಾವುದು ಸೋತಿತು, ಯಾವ ಸಾಲಿಗೆ ಜನ ಮನಸೋತರು ಎಂಬುದನ್ನು ಅದು ಹೇಳುತ್ತಿರಲಿಲ್ಲ; ಹಾಗಾಗಿ ಅದರಿಂದ ನಾವು ಕಲಿತದ್ದೂ ಏನೂ ಇರಲಿಲ್ಲ.

2014ರಲ್ಲಿ ಎಲ್ಲರಂತೆ ನಾನೂ ಫೇಸ್‌ಬುಕ್ಕಿಗೆ ವಲಸೆ ಹೋದೆ. ಮೂರು ವರ್ಷ ವಿಶೇಷವೇನೂ ಆಗಲಿಲ್ಲ. 2017ರ ಏಪ್ರಿಲ್‌ನಲ್ಲಿ, ಬೆಂಗಳೂರಿನ ಮಾರುಕಟ್ಟೆಯಲ್ಲಿ ಕೊಳೆತ ಮಾವಿನ ಮಿಡಿಗಳನ್ನು ಕಂಡ ಸಿಟ್ಟಿನಲ್ಲಿ, ಅಮ್ಮಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಹಾಕುತ್ತಿದ್ದ ಬಗೆಯನ್ನು ಬರೆದೆ. ಮಿಡಿ ಕೊಯ್ಯುವವನು ಮರವನ್ನು ಅಲುಗಿಸಕೂಡದು. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಭರಣಿಯಲ್ಲಿ ಕೊಳೆಯುತ್ತದೆ, ತನ್ನ ಜೊತೆಗೆ ಉಳಿದವನ್ನೂ ಕೊಳೆಸುತ್ತದೆ. ತೊಟ್ಟು ಇರಬೇಕು, ಸೊನೆ ಒಳಗೇ ಉಳಿಯಬೇಕು. ತೊಳೆದು, ನೀರಾರಿಸಿ, ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು ಎಂದು ತುಂಬಿ, ಮೇಲೊಂದು ಭಾರವಿಟ್ಟು ಬಾಯಿಗೆ ಬಟ್ಟೆ ಕಟ್ಟಿದರೆ, ಕೆಲವು ವಾರಗಳಲ್ಲಿ ಮಿಡಿಗಳು ತಮ್ಮದೇ ನೀರು ಬಿಟ್ಟುಕೊಂಡು ಮುದುಕಿಯ ಬೆರಳಿನಂತೆ ಸುರುಟಿಕೊಳ್ಳುತ್ತವೆ. ಸಾಸಿವೆ, ಮೆಣಸು ಕಾಣುವುದು ಆಮೇಲೆ. ತೊಟ್ಟು ಮುರಿದ ಮಿಡಿ ತಂದ ಆಳನ್ನು ಅಮ್ಮಮ್ಮ ಬೈದ ಬೈಗುಳವನ್ನೂ, ಕೂಲಿಯಲ್ಲಿ ನಾಲ್ಕಾಣೆ ಹಿಡಿದದ್ದನ್ನೂ ಬರೆದಿದ್ದೆ. ಕೊನೆಯಲ್ಲಿ, ಒಂದು ಮಧ್ಯಾಹ್ನ ಯಾರಿಗೂ ಕಾಣದಂತೆ ನನ್ನ ತಟ್ಟೆಗೆ ಎರಡನೆಯ ಮಿಡಿ ಹಾಕಿದಳೆಂಬ ಒಂದು ಸಾಲಿತ್ತು. ಅದೂ ನಿಜವೇ, ಒಂದು ಸಲ ಹಾಕಿದ್ದಳು.

ಮಾರನೆಯ ದಿನ ಬೆಳಿಗ್ಗೆ ಆ ಬರಹಕ್ಕೆ 1,100ಕ್ಕೂ ಹೆಚ್ಚು ಮೆಚ್ಚುಗೆಗಳು ಬಿದ್ದಿದ್ದವು. ಅದಕ್ಕಿಂತ ಮೊದಲು ನೂರನ್ನು ದಾಟಿದವಳಲ್ಲ ನಾನು. ಪ್ರತಿಕ್ರಿಯೆಗಳನ್ನು ಒಂದೊಂದಾಗಿ ಓದಿದೆ. ತೊಟ್ಟಿನ ಬಗ್ಗೆ ಇಬ್ಬರು ಮಾತಾಡಿದ್ದರು. ನಾಲ್ಕಾಣೆಯ ಬಗ್ಗೆ ಯಾರೂ ಇಲ್ಲ. ಉಳಿದವರೆಲ್ಲ ಆ ಎರಡನೆಯ ಮಿಡಿಗೆ ಕಣ್ಣು ಒರೆಸಿಕೊಂಡಿದ್ದರು.

ಮುಂದಿನ ಬರಹದಲ್ಲಿ ಅಮ್ಮಮ್ಮ ಎರಡು ಸಲ ಏನನ್ನೋ ಬಚ್ಚಿಟ್ಟು ಕೊಟ್ಟಳು.

ಇದನ್ನು ನಾನು ಕುಳಿತು ಯೋಚಿಸಿ ಮಾಡಿದೆನೆಂದು ಹೇಳಿದರೆ ನನ್ನ ಮೇಲೆ ಇಲ್ಲದ ಜಾಣತನ ಹೊರಿಸಿದಂತಾಗುತ್ತದೆ. ಹೊಲಿಗೆಯವನ ಕೈ ಅಳತೆಗೆ ಹೊಂದಿಕೊಳ್ಳುವಂತೆ ಕೈ ತಾನಾಗಿ ಹೊಂದಿಕೊಂಡಿತು. ಮೊದಲ ನಾಲ್ಕು ಸಾಲುಗಳಾದ ಮೇಲೆ ಬರಹ ಮಡಚಿಕೊಳ್ಳುತ್ತದೆ, ಉಳಿದದ್ದನ್ನು ಓದಲು ಒತ್ತಬೇಕು. ಆದ್ದರಿಂದ ನಾಲ್ಕನೆಯ ಸಾಲಿನಲ್ಲಿ ಏನಾದರೊಂದು ಕೊಕ್ಕೆ ಇರಬೇಕೆಂದು ಕಲಿತೆ. ಹಳೆಯ ಭರಣಿಯ ಚಿತ್ರಕ್ಕಿಂತ ಭರಣಿ ಹಿಡಿದ ನನ್ನ ಚಿತ್ರ ಹೆಚ್ಚು ದೂರ ಹೋಗುತ್ತದೆಂದು ಕಲಿತೆ. ರಾತ್ರಿ ಎಂಟೂವರೆಯ ನಂತರ ಹಾಕಬೇಕೆಂದು ಕಲಿತೆ. 2018ರ ಜನವರಿಯಲ್ಲಿ ಫೇಸ್‌ಬುಕ್ ತನ್ನ ಏರ್ಪಾಟನ್ನು ಬದಲಿಸಿ, ಜನರ ನಡುವೆ ಮಾತುಕತೆ ಹುಟ್ಟಿಸುವ ಬರಹಗಳನ್ನು ಮುಂದೆ ತರುವುದಾಗಿ ಸಾರಿತು. ಆ ಘೋಷಣೆಯನ್ನು ನಾನು ಓದಿರಲಿಲ್ಲ, ಆದರೂ ಆ ವರ್ಷದ ನನ್ನ ಬರಹಗಳನ್ನು ಈಗ ತಿರುವಿದರೆ ಬಹುಪಾಲು ಎಲ್ಲವೂ "ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದರೇ?" ಎಂಬ ಪ್ರಶ್ನೆಯೊಂದಿಗೆ ಮುಗಿಯುತ್ತವೆ. ಪ್ರಶ್ನೆ ಕೇಳಿದ ಬರಹ ಓಡುತ್ತಿತ್ತು, ಕೇಳದ್ದು ಕೂತಲ್ಲೇ ಕೂತಿರುತ್ತಿತ್ತು. ನನಗೆ ಅಷ್ಟೇ ಸಾಕಾಗಿತ್ತು.

ಇನ್ನೊಂದು ಸಂಗತಿ ನನಗೆ ತಿಳಿದದ್ದು ಬಹಳ ತಡವಾಗಿ. ಲೈಕ್ ಗುಂಡಿ ಫೇಸ್‌ಬುಕ್ಕಿಗೆ ಬಂದದ್ದು 2009ರ ಫೆಬ್ರವರಿಯಲ್ಲಿ. ಹೃದಯ, ಅಳು, ಸಿಟ್ಟಿನ ಮುಖಗಳು ಸೇರಿದ್ದು 2016ರಲ್ಲಿ. 2017ರಿಂದ ಆ ಮುಖಗಳಿಗೆ ಒಂದು ಸಾದಾ ಲೈಕಿನ ಐದರಷ್ಟು ತೂಕವನ್ನು ಕಂಪನಿ ಕೊಡುತ್ತಿತ್ತೆಂಬುದು 2021ರಲ್ಲಿ ಹೊರಬಿದ್ದ ಅದರ ಒಳಕಾಗದಗಳಿಂದ ಗೊತ್ತಾಯಿತು. ಅಂದರೆ ಓದಿ ತಲೆದೂಗಿದವನಿಗಿಂತ ಓದಿ ಅತ್ತವನು, ಓದಿ ಉರಿದವನು ಐದು ಪಾಲು ಹೆಚ್ಚು ಬೆಲೆಬಾಳುತ್ತಿದ್ದ. ಸಿಟ್ಟು ಬರಿಸುವವರ ಕಥೆಯನ್ನು ಪತ್ರಿಕೆಗಳು ಸಾಕಷ್ಟು ಬರೆದಿವೆ. ಅಳಿಸುವವರ ಕಥೆಯನ್ನು ಯಾರೂ ಅಷ್ಟಾಗಿ ಬರೆದಂತಿಲ್ಲ, ಏಕೆಂದರೆ ಅಳಿಸುವವರು ಒಳ್ಳೆಯವರಂತೆ ಕಾಣುತ್ತಾರೆ.

ಅಮ್ಮಮ್ಮ ಈ ತೂಕಕ್ಕೆ ತಕ್ಕಂತೆ ಬದಲಾಗುತ್ತ ಹೋದಳು. ಮೊದಲು ಅವಳ ಸೊಂಟದ ಬೀಗದ ಕೈಗೊಂಚಲು ಹೋಯಿತು. ಉಗ್ರಾಣಕ್ಕೆ ಬೀಗ ಹಾಕಿ ಸೊಸೆಯಂದಿರಿಗೆ ಬೆಲ್ಲವನ್ನೂ ಅಳೆದು ಕೊಡುತ್ತಿದ್ದವಳು ಎಂಬ ಮಾತು ಬರಹದ ಹದಕ್ಕೆ ಒಗ್ಗುತ್ತಿರಲಿಲ್ಲ. ಆಮೇಲೆ ಬೆಣ್ಣೆಯ ವಿಷಯ ಹೋಯಿತು: ದೋಸೆಗೆ ಬೆಣ್ಣೆ ಬೀಳುತ್ತಿದ್ದದ್ದು ಗಂಡುಮಕ್ಕಳಿಗೆ ಮೊದಲು, ನಮಗೆ ಉಳಿದರೆ. ಬೈಗುಳಗಳು ಉಳಿದವು, ಆದರೆ ಮುದ್ದಿನ ಬೈಗುಳಗಳಾಗಿ. ಮಿಡಿಗೆ ಉಪ್ಪು ಹಾಕುವಾಗ ಸಣ್ಣ ದನಿಯಲ್ಲಿ ಹಾಡಿಕೊಳ್ಳುತ್ತಿದ್ದಳೆಂದು ಒಮ್ಮೆ ಬರೆದೆ, ಅದು ಚೆನ್ನಾಗಿ ಹೋಯಿತು, ಮುಂದೆಲ್ಲ ಹಾಡಿದಳು. ಕನ್ನಡ ಫೇಸ್‌ಬುಕ್ಕಿನಲ್ಲಿ ಅಜ್ಜಿಯರ ಬಗ್ಗೆ ಬರೆಯುವವರು ನಾನೊಬ್ಬಳೇ ಅಲ್ಲ. ಹಂಚಿನ ಮನೆ, ಜಗಲಿ, ಬಚ್ಚಲ ಹಂಡೆ, ಹೊಗೆ, ಮಳೆ, ಸುಕ್ಕುಗಟ್ಟಿದ ಕೈ. ಧಾರವಾಡದ ಅಜ್ಜಿಗೂ ಮಡಿಕೇರಿಯ ಅಜ್ಜಿಗೂ ಈಗ ಸೀರೆ ಉಡುವ ರೀತಿಯೊಂದನ್ನು ಬಿಟ್ಟರೆ ಬೇರೆ ವ್ಯತ್ಯಾಸವಿಲ್ಲ. ಎಲ್ಲರೂ ಕಡಿಮೆ ಮಾತಿನವರು, ಎಲ್ಲರೂ ತತ್ವಜ್ಞಾನಿಗಳು. ಜಗಳಗಂಟಿಯರು, ಜಿಪುಣಿಯರು, ಮಡಿಯ ಹೆಸರಿನಲ್ಲಿ ಮನೆಮಂದಿಯನ್ನು ಕಾಡಿದವರು, ಇಡೀ ರಾಜ್ಯದಲ್ಲಿ ಒಬ್ಬರಾದರೂ ಇರಲಿಲ್ಲವೇ?

2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾಗಿ, ಮರುತಿಂಗಳೇ ಇನ್‌ಸ್ಟಾಗ್ರಾಂ ರೀಲ್ಸ್ ಬಂದ ಮೇಲೆ ಈ ರೋಗ ಬರೆಯುವವರನ್ನು ದಾಟಿ ಎಲ್ಲರಿಗೂ ಹರಡಿತು. ನೆಂಟರೊಬ್ಬರ ಗೃಹಪ್ರವೇಶದಲ್ಲಿ ಹಾಲು ಉಕ್ಕಿದ ಕ್ಷಣವನ್ನು ವಿಡಿಯೊ ಮಾಡುವ ಹುಡುಗ ತಪ್ಪಿಸಿಕೊಂಡನೆಂದು ಒಲೆಯ ಮೇಲೆ ಇನ್ನೊಂದು ಲೀಟರ್ ಹಾಲಿಟ್ಟು ಎರಡನೆಯ ಸಲ ಉಕ್ಕಿಸಿದರು. "ನಾನೂ ಇನ್ನೊಮ್ಮೆ ಮಂತ್ರ ಹೇಳಬೇಕೋ?" ಎಂದು ಪುರೋಹಿತರು ಕೇಳಿದರು. ಬೇಡ, ಧ್ವನಿ ಆಮೇಲೆ ಸೇರಿಸುತ್ತೇವೆ ಎಂದ ಆ ಹುಡುಗ. ಅಲ್ಲಿದ್ದವರೆಲ್ಲ ನಕ್ಕೆವು, ಹಾಲು ಎರಡನೆಯ ಸಲ ಉಕ್ಕಿದಾಗ ಮೊದಲ ಸಲಕ್ಕಿಂತ ಜೋರಾಗಿ ಚಪ್ಪಾಳೆಯನ್ನೂ ತಟ್ಟಿದೆವು.

ನನ್ನ ಪುಟವನ್ನು ಹಿಂಬಾಲಿಸುವವರು 20,000 ದಾಟಿದಾಗ ಬೆಂಗಳೂರಿನ ಉಪ್ಪಿನಕಾಯಿ ವ್ಯಾಪಾರಿಯೊಬ್ಬರು ಹನ್ನೆರಡು ಸೀಸೆ ಉಪ್ಪಿನಕಾಯಿ ಕಳಿಸಿ, 8,000 ರೂಪಾಯಿ ಕೊಡುತ್ತೇವೆ, ಅಮ್ಮಮ್ಮನ ನೆನಪಿನೊಂದಿಗೆ ನಾಲ್ಕು ಸಾಲು ಬರೆಯಿರಿ ಎಂದರು. ಮಿಡಿಗೆ ತೊಟ್ಟೇ ಇರಲಿಲ್ಲ, ವಿನೆಗರಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಬರೆದೆ. ಹಣವನ್ನಾಗಲಿ ಪುಕ್ಕಟೆ ಸರಕನ್ನಾಗಲಿ ಪಡೆದು ಬರೆದರೆ ಅದು ಜಾಹೀರಾತೆಂದು ಕಾಣುವಂತೆ ನಮೂದಿಸಬೇಕೆಂದು ಭಾರತೀಯ ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ನಿಯಮ ಮಾಡಿತ್ತು. ನಾನು ಹ್ಯಾಶ್‌ಟ್ಯಾಗುಗಳ ರಾಶಿಯ ಕೊನೆಯಲ್ಲಿ ಅದನ್ನು ಹುದುಗಿಸಿದೆ. ನಾಚಿಕೆಯಾಯಿತು, ಇನ್ನೆಂದೂ ಅಂಥದಕ್ಕೆ ಒಪ್ಪಲಿಲ್ಲ. ಆದರೆ ಈಗ ಯೋಚಿಸಿದರೆ ಆ 8,000 ರೂಪಾಯಿಯ ಸುಳ್ಳು ನನ್ನನ್ನು ಅಷ್ಟೇನೂ ಕೆಡಿಸಲಿಲ್ಲ ಎನ್ನಿಸುತ್ತದೆ, ಏಕೆಂದರೆ ಬರೆಯುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು. ಪುಕ್ಕಟೆಯಾಗಿ, ಬರೀ ಮೆಚ್ಚುಗೆಗಾಗಿ ಮಾಡಿದ ತಿದ್ದುಪಡಿಗಳ ವಿಷಯದಲ್ಲಿ ಆ ಅರಿವೂ ಇರಲಿಲ್ಲ. ಐದಾರು ವರ್ಷ ಬರೆದ ಮೇಲೆ, ಕಣ್ಣು ಮುಚ್ಚಿದರೆ ನನಗೆ ಹಾಡುವ ಅಮ್ಮಮ್ಮನೇ ಕಾಣುತ್ತಿದ್ದಳು.

ಚಿಕ್ಕಮ್ಮ ಫೋನ್ ಮಾಡಿದ್ದು ಮಹಿಳಾ ದಿನಾಚರಣೆಗೆ ನಾನು ಬರೆದ ಬರಹವನ್ನು ಓದಿ. ತಾನು ಅಕ್ಷರ ಕಲಿಯದಿದ್ದರೂ ಮನೆಯ ಹೆಣ್ಣುಮಕ್ಕಳು ಓದಲೇಬೇಕೆಂದು ಹಟ ಹಿಡಿದವಳು ನನ್ನ ಅಮ್ಮಮ್ಮ ಎಂದು ಬರೆದಿದ್ದೆ. ಇದಕ್ಕೆ ಮೂಲ, ಹಿಂದೊಮ್ಮೆ ಓದುಗರೊಬ್ಬರು "ನಿಮ್ಮನ್ನು ಓದಿಸಿದವರೂ ಅವರೇ ಇರಬೇಕು" ಎಂದು ಹಾಕಿದ ಪ್ರತಿಕ್ರಿಯೆ. ಅದಕ್ಕೆ ನಾನು ಕೈಮುಗಿದ ಚಿತ್ರವೊಂದನ್ನು ಹಾಕಿ ಸುಮ್ಮನಾಗಿದ್ದೆ. ಸುಮ್ಮನಿದ್ದದ್ದು ಎರಡು ವರ್ಷಗಳಲ್ಲಿ ಹೌದೆಂದಾಗಿ, ಹೌದೆಂಬುದು ಒಂದು ಬರಹವಾಗಿ, 3,000 ಮೆಚ್ಚುಗೆ ಗಳಿಸಿತ್ತು.

"ಏಳನೆಯ ಕ್ಲಾಸಿನಲ್ಲಿ ನಾನು ಫಸ್ಟ್ ಬಂದಿದ್ದೆ" ಎಂದಳು ಚಿಕ್ಕಮ್ಮ. "ಹೈಸ್ಕೂಲಿಗೆ ನಾಲ್ಕು ಮೈಲಿ. ಮಾಸ್ತರು ಮನೆಗೆ ಬಂದು ಕಳಿಸಿ ಎಂದು ಕೇಳಿಕೊಂಡರು. ಅಡಿಕೆ ಸುಲಿಯುವುದಕ್ಕೆ ಜನ ಯಾರು ಎಂದಳು ನಮ್ಮಮ್ಮ. ನಿನಗೆ ಗೊತ್ತಿಲ್ಲವೇ ಇದು?"

ಗೊತ್ತಿತ್ತು. ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

"ಯಾಕೆ ಹಾಗೆ ಬರೆದೆ ಎಂದು ಜಗಳ ಆಡುವುದಕ್ಕೆ ಫೋನ್ ಮಾಡಿದ್ದಲ್ಲ. ಅಣ್ಣ, ಅತ್ತಿಗೆ, ಹುಡುಗರು ಎಲ್ಲರೂ ಹಾರ್ಟ್ ಒತ್ತಿದ್ದರು. ನಾನೊಬ್ಬಳೇ ಒತ್ತದಿದ್ದರೆ ಚೆನ್ನಾಗಿರುವುದಿಲ್ಲವೆಂದು ನಾನೂ ಒತ್ತಿದೆ. ಒತ್ತಿದ ಮೇಲೆ ನಿದ್ದೆ ಬರಲಿಲ್ಲ, ಅದಕ್ಕೇ ಮಾಡಿದೆ."

ಆ ರಾತ್ರಿಯೇ ಬರಹವನ್ನು ತೆಗೆದುಹಾಕಿದೆ. ಒಂದು ವಾರದ ನಂತರ ಚಿಕ್ಕಮ್ಮನ ಒಪ್ಪಿಗೆ ಪಡೆದು, ಅವಳ ಶಾಲೆಯ ಕಥೆಯನ್ನು ಇದ್ದದ್ದಿದ್ದಂತೆ ಬರೆದೆ. ಪ್ರಶ್ನೆ ಹಾಕಲಿಲ್ಲ, ಚಿತ್ರ ಹಾಕಲಿಲ್ಲ. ನಲವತ್ತೇಳು ಮೆಚ್ಚುಗೆಗಳು ಬಂದವು. ತೀರಿಕೊಂಡವರ ಮರ್ಯಾದೆ ತೆಗೆದೆಯೆಂದು ಮಾವ ಎರಡು ತಿಂಗಳು ಮಾತು ಬಿಟ್ಟರು. ಇಷ್ಟು ಹೇಳಿ ನಾನು ಗೆದ್ದವಳಂತೆ ಕೂರಲಾರೆ, ಏಕೆಂದರೆ ಬರೆದ ಮೂರನೆಯ ದಿನವೇ ನನ್ನ ತಲೆಯಲ್ಲಿ ಇನ್ನೊಂದು ಬರಹದ ಮೊದಲ ನಾಲ್ಕು ಸಾಲುಗಳು ಸಿದ್ಧವಾಗಿದ್ದವು: ನಾನು ಸುಳ್ಳು ಬರೆದೆ, ಕ್ಷಮಿಸಿ, ಎಂದು ಆರಂಭವಾಗುವಂಥದ್ದು. ಅದು ಖಂಡಿತ ಓಡುತ್ತಿತ್ತು. 2015ರಲ್ಲಿ ಎಸ್ಸೆನಾ ಓನೀಲ್ ಎಂಬ ಆಸ್ಟ್ರೇಲಿಯಾದ ಹದಿಹರೆಯದ ಹುಡುಗಿ, ಇನ್‌ಸ್ಟಾಗ್ರಾಂನಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನ ಹಿಂಬಾಲಿಸುತ್ತಿದ್ದವಳು, ತನ್ನ ಚಿತ್ರಗಳನ್ನು ಸಾವಿರಗಟ್ಟಲೆ ಅಳಿಸಿ, ಉಳಿದವುಗಳ ಕೆಳಗೆ ಹೊಟ್ಟೆ ಚಪ್ಪಟೆಯಾಗಿ ಕಾಣಲು ಎಷ್ಟು ಸಲ ತೆಗೆಸಿಕೊಂಡೆ, ಯಾವ ಉಡುಪಿಗೆ ಹಣ ಪಡೆದೆ ಎಂದು ಬರೆದಳು. ಅವಳು ಮಾಡಿದ ಎಲ್ಲದಕ್ಕಿಂತ ಆ ತಪ್ಪೊಪ್ಪಿಗೆಯೇ ಜಗತ್ತಿನಾದ್ಯಂತ ಸುದ್ದಿಯಾಯಿತು, ಇದೂ ಪ್ರಚಾರದ ತಂತ್ರವೇ ಎಂದು ಅನೇಕರು ಹೀಗಳೆದರು. ಅವಳ ಪ್ರಾಮಾಣಿಕತೆಯ ಬಗ್ಗೆ ನನಗೆ ಸಂಶಯವಿಲ್ಲ. ನನ್ನ ಬಗ್ಗೆ ಇತ್ತು. ಆದ್ದರಿಂದ ಆ ನಾಲ್ಕು ಸಾಲುಗಳನ್ನು ಅಲ್ಲಿ ಹಾಕದೆ, ಒಂದು ವರ್ಷ ಬಿಟ್ಟು, ಗಣಕವನ್ನು ಎಂದೋ ಕಿತ್ತುಹಾಕಿದ ಈ ಹಳೆಯ ಬ್ಲಾಗಿನಲ್ಲಿ ಬರೆಯುತ್ತಿದ್ದೇನೆ.

ಈ ಏಪ್ರಿಲ್‌ನಲ್ಲಿ ಊರಿಗೆ ಹೋದಾಗ ಚಿಕ್ಕಮ್ಮ ಮಿಡಿ ಉಪ್ಪಿಗೆ ಹಾಕುತ್ತಿದ್ದಳು. ಅವಳ ಪಕ್ಕದಲ್ಲಿ ಕುಳಿತು, ತೊಟ್ಟು ಮುರಿದವನ್ನು ಆರಿಸಿ ಬದಿಗಿಡುತ್ತ, ಬಹಳ ದಿನಗಳಿಂದ ಕೇಳಬೇಕೆಂದಿದ್ದ ಪ್ರಶ್ನೆಯನ್ನು ಕೇಳಿದೆ: ಉಪ್ಪು ಹಾಕುವಾಗ ಅಮ್ಮಮ್ಮ ಬಾಯಲ್ಲಿ ಏನನ್ನೋ ಹೇಳಿಕೊಳ್ಳುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ, ತುಟಿ ಅಲ್ಲಾಡುತ್ತಿದ್ದದ್ದು ನೆನಪಿದೆ, ಅದು ಯಾವ ಹಾಡು?

"ಹಾಡೇ?" ಎಂದಳು ಚಿಕ್ಕಮ್ಮ, ಕೈಯಲ್ಲಿದ್ದ ಕಲ್ಲುಪ್ಪನ್ನು ಪಾತ್ರೆಗೆ ಬಿಟ್ಟು. "ಮಿಡಿ ಎಣಿಸುತ್ತಿದ್ದಳು. ಭರಣಿಗೆ ಎಷ್ಟು ಹಾಕಿದ್ದೇನೆ ಎಂದು ಗೊತ್ತಿದ್ದರೆ ತಾನೇ, ನಾವು ಕದ್ದದ್ದು ಗೊತ್ತಾಗುವುದು?"